ಮೋರಿಯಿಂದ ತಿರುವಿನವರೆಗೆ ಉಸಿರು ಬಿಗಿಹಿಡಿದು

ಕಾರಿನಲ್ಲಿ ಹೋಗುವವರಿಗೆ ಗಾಜು ಇರುತ್ತದೆ, ಏರಿಸಿಕೊಂಡರೆ ಮುಗಿಯಿತು. ಬಸ್ಸಿನಲ್ಲಿ ಕೂತವರು ಸೆರಗನ್ನು ಮೂಗಿಗೆ ಹಿಡಿಯುವಷ್ಟರಲ್ಲಿ ಜಾಗ ದಾಟಿಹೋಗಿರುತ್ತದೆ. ಸೈಕಲ್ ತುಳಿಯುವವರಿಗೆ ಅವೆರಡೂ ಇಲ್ಲ. ಏರುರಸ್ತೆಯಲ್ಲಿ ಬಾಯಿ ಬಿಟ್ಟುಕೊಂಡೇ ಉಸಿರಾಡಬೇಕು. ವಾಸನೆ ಮೂಗಿಗೆ ಗೊತ್ತಾಗುವ ಮೊದಲೇ ನಾಲಿಗೆಯ ಮೇಲೆ ಬಂದು ಕೂತಿರುತ್ತದೆ.

ನಾನು ಸೈಕಲ್ ಹತ್ತಿದ್ದು ನಲವತ್ತು ದಾಟಿದ ಮೇಲೆ. ನಮ್ಮದು ಕಬಿನಿಯ ದಡದ ಮರಕ್ಕಡವು. ಹೊಳೆ ದಾಟಿದರೆ ಕರ್ನಾಟಕ. ನನ್ನ ಗಂಡನ ಹಿರಿಯರು ಯಾವ ಕಾಲದಲ್ಲೋ ಆಚೆಯಿಂದ ಬಂದು, ಗದ್ದೆ ಮಾಡಿಕೊಂಡು ಉಳಿದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಮಲಯಾಳ. ಪುಲ್ಪಳ್ಳಿ ಪೇಟೆಯಲ್ಲಿ ಸರ್ಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುವ ಸಣ್ಣ ಅಂಗಡಿ ನನ್ನದು. ದಿನವಿಡೀ ಕುರ್ಚಿಯಲ್ಲಿ ಕೂತು ಕೂತು ರಕ್ತದಲ್ಲಿ ಸಕ್ಕರೆ ಏರಿತ್ತು. ನಡೆಯಿರಿ, ಇಲ್ಲ ಈಜಿರಿ, ಇಲ್ಲ ಸೈಕಲ್ಲಾದರೂ ತುಳಿಯಿರಿ ಎಂದರು ಡಾಕ್ಟರು. ಈಜೋಣವೆಂದರೆ ಹೊಳೆಯಲ್ಲಿ ಮೊಸಳೆ, ನಡೆಯೋಣವೆಂದರೆ ಬೆಳಬೆಳಿಗ್ಗೆ ಆನೆ. ಸೈಕಲ್ಲಿನವರನ್ನು ಕಂಡರೆ ಆನೆ ಸುಮ್ಮನಿರುತ್ತದೆ ಎಂದೇನೂ ಇಲ್ಲ, ಆದರೆ ಹತ್ತು ಜನರ ಜೊತೆ ಹೋದರೆ ಒಂದು ಧೈರ್ಯ. ಹಾಗೆಂದು ನಮ್ಮ ಕಡೆಯ ಸೈಕಲ್ ಕೂಟಕ್ಕೆ ಸೇರಿಕೊಂಡೆ.

ಕೂಟದಲ್ಲಿ ಬ್ಯಾಂಕಿನವರು, ನರ್ಸುಗಳು, ಕಾಫಿ ತೋಟದವರು, ಒಬ್ಬ ಹಲ್ಲಿನ ಡಾಕ್ಟರು, ಎಲ್ಲ ಇದ್ದರು. ಕೂಟವನ್ನು ಕಟ್ಟಿದ್ದು, ನಡೆಸುತ್ತಿದ್ದದ್ದು ಮಾತ್ರ ಒಬ್ಬರೇ. ಅರವತ್ತರ ಹತ್ತಿರದ ಗಟ್ಟಿ ಮನುಷ್ಯ. ಹಿಂದೆ ಎಲ್ಲೋ ಡ್ರಿಲ್ ಹೇಳಿಕೊಡುತ್ತಿದ್ದರಂತೆ, ಆ ಕಾರಣಕ್ಕೆ ಎಲ್ಲರೂ ಅವರನ್ನು ‘ಮಾಷ್’ ಎನ್ನುತ್ತಿದ್ದರು, ಅಂದರೆ ಮೇಷ್ಟ್ರು. ಈಗ ಅವರಿಗೆ ಬೇರೆ ಬೇರೆ ಪೇಟೆಗಳಲ್ಲಿ ಮೂರು ಕೋಳಿ ಅಂಗಡಿಗಳಿದ್ದವು. ದಿನವೂ ನಸುಕಿಗೆದ್ದು ಕಾಡುರಸ್ತೆಯಲ್ಲಿ ತುಳಿದು ಬರುತ್ತಿದ್ದರು. ಆ ವಯಸ್ಸಿಗೆ ಅಂಥ ಮೀನಖಂಡ ಯಾರಿಗೂ ಇರಲಿಲ್ಲ. ನಾನು ಮೊದಲ ದಿನ ಗೇರ್ ಸೈಕಲ್ ಹತ್ತಿದಾಗ ನನ್ನ ಸೀಟಿನ ಹಿಂಭಾಗ ಹಿಡಿದು, ಏದುಸಿರು ಬಿಡುತ್ತ, ಮೈದಾನದ ಸುತ್ತ ನಾಲ್ಕು ಸುತ್ತು ನನ್ನ ಜೊತೆ ಓಡಿದವರು ಅವರು. ನನ್ನಪ್ಪ ಕೂಡ ನನಗಾಗಿ ಹಾಗೆ ಓಡಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅನ್ಯಾಯವಾದೀತು.

ನನಗೆ ಮಲಯಾಳ ಬೇಗ ಟೈಪು ಮಾಡಲು ಬರುತ್ತದೆ ಎಂದು ಗೊತ್ತಾದ ವಾರವೇ ಕೂಟದ ವಾಟ್ಸಾಪ್ ಗುಂಪಿಗೆ ವಾರದ ಸುದ್ದಿ ಬರೆಯುವ ಕೆಲಸ ನನ್ನ ತಲೆಗೆ ಬಂತು. ಭಾನುವಾರ ಸಂಜೆ ಎರಡು ಭಾಗ ಬರೆಯುತ್ತಿದ್ದೆ. ಮೊದಲನೆಯದು ಸುದ್ದಿ: ಎಷ್ಟು ಜನ ಬಂದರು, ಎಲ್ಲಿಯವರೆಗೆ ಹೋದರು, ಹಲ್ಲಿನ ಡಾಕ್ಟರಿಗೆ ಎಷ್ಟು ಪಂಕ್ಚರ್ ಆದವು, ಯಾರ ಚೈನು ಎಲ್ಲಿ ಕಳಚಿತು. ಎರಡನೆಯದು ತರಬೇತಿಯ ಮಾತು. ಅದು ಮಾಷ್ ಫೋನಿನಲ್ಲಿ ಹೇಳಿದ್ದು, ನಾನು ಬರೆದದ್ದು. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ, ಏರಿನ ನಡುವೆ ಇಳಿಸಿದರೆ ಚೈನು ಕಳಚುತ್ತದೆ. ಬಾಯಾರುವ ಮೊದಲೇ ನೀರು ಕುಡಿಯಿರಿ. ತಿರುವಿನೊಳಗೆ ಬ್ರೇಕ್ ಹಿಡಿಯಬೇಡಿ, ತಿರುವಿಗೆ ಮೊದಲೇ ಹಿಡಿಯಿರಿ. ಇಂಥವು. ಎಲ್ಲ ನಿಜವಾದ ಮಾತುಗಳೇ. ಭಾನುವಾರ ಸಂಜೆಗಾಗಿ ಕಾಯುತ್ತಿದ್ದೆ ನಾನು. ಅರ್ಜಿ ಬಿಟ್ಟು ಬೇರೇನನ್ನೂ ಬರೆದವಳಲ್ಲ. ನನ್ನ ಮಾತನ್ನು ಓದಿ ಅಷ್ಟು ಜನ ಹೆಬ್ಬೆರಳು ಎತ್ತುವುದು ನನಗೆ ಹಬ್ಬ.

ಮೂಟೆಗಳನ್ನು ನಾನು ಮೊದಲು ಕಂಡದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಪುಲ್ಪಳ್ಳಿ ಬಿಟ್ಟು ಬತ್ತೇರಿಯ ಕಡೆಗೆ ಹೋಗುವಾಗ ಕಾಡಿನೊಳಗೆ ಒಂದು ಮೋರಿ ಇದೆ. ಅಲ್ಲಿಂದ ರಸ್ತೆ ಏರುತ್ತ ಹೋಗಿ ತೇಗದ ಮರಗಳ ನಡುವೆ ತಿರುಗುತ್ತದೆ. ಮೋರಿಯ ಎಡಪಕ್ಕದ ಇಳಿಜಾರಿನಲ್ಲಿ ಗೊಬ್ಬರದ ಚೀಲಗಳು ಬಿದ್ದಿದ್ದವು. ಕೆಲವು ಬಾಯಿ ಕಟ್ಟಿದವು, ಕೆಲವು ಒಡೆದವು. ಒಡೆದವುಗಳಿಂದ ಕರುಳು, ಕಾಲು, ಕೊಕ್ಕು. ಲಂಟಾನ ಪೊದೆಯ ತುಂಬ ಬಿಳಿ ಪುಕ್ಕ ಅಂಟಿ, ದೂರಕ್ಕೆ ಹೂ ಬಿಟ್ಟ ಹಾಗೆ ಕಾಣುತ್ತಿತ್ತು. ಒಂದು ನಾಯಿ ಕರುಳಿನ ತುದಿ ಕಚ್ಚಿ ರಸ್ತೆಯ ನಡುವಿನವರೆಗೂ ಎಳೆದು ತಂದಿತ್ತು. ಹುಳಗಳು ಒಂದರ ಮೇಲೊಂದು ಹೊರಳಿ, ಅನ್ನ ಕುದಿಯುವ ಹಾಗೆ ಮೂಟೆಯ ಬಾಯಿ ಮಿಸುಕುತ್ತಿತ್ತು. ಏರಿಗೆಂದು ಎದೆ ತುಂಬ ಉಸಿರು ಎಳೆದದ್ದೇ ತಡ, ಅದೆಲ್ಲ ನನ್ನೊಳಗೆ ಹೋಯಿತು. ಸೈಕಲ್ ಕೆಡವಿ ರಸ್ತೆಯಂಚಿಗೆ ಕೂತು ಕಾರಿಕೊಂಡೆ. ಮಾಷ್ ಹಿಂದಿರುಗಿ ಬಂದು ನನ್ನ ಬೆನ್ನು ತಟ್ಟಿದರು, ತಮ್ಮ ಬಾಟಲಿಯ ನೀರು ಕೊಟ್ಟರು.

“ಹೊಟ್ಟೆ ಖಾಲಿ ಇಟ್ಟುಕೊಂಡು ಬರಬೇಡ ಮೋಳೇ,” ಎಂದರು. ಮೋಳೇ ಅಂದರೆ ಮಗಳೇ.

ಅಂದು ಸಂಜೆ ಸುದ್ದಿಯಲ್ಲಿ ಆ ಮೂಟೆಗಳ ಬಗ್ಗೆ ಬರೆದು, ಫೋಟೋ ಹಾಕಿದೆ. ಐದೇ ನಿಮಿಷದಲ್ಲಿ ಮಾಷ್ ಫೋನು.

“ಆ ಫೋಟೋ ತೆಗೆದುಬಿಡು. ಮನೆಯವರೆಲ್ಲ ಊಟಕ್ಕೆ ಕೂರುವ ಹೊತ್ತು. ಸುದ್ದಿ ಅಂದರೆ ಉತ್ಸಾಹ ಬರಬೇಕು.”

“ಆದರೆ ಮಾಷ್, ಆ ಜಾಗದಲ್ಲಿ ಉಸಿರಾಡೋಕೆ ಆಗಲ್ಲ.”

“ಅದನ್ನೇ ಹೇಳು! ಆಗಲ್ಲ ಅಂದರೆ ಆಡಬಾರದು. ಮೋರಿಯಿಂದ ತಿರುವಿನವರೆಗೆ ಉಸಿರು ಬಿಗಿಹಿಡಿದು ತುಳಿಯೋದು. ಪುಪ್ಪುಸಕ್ಕೆ ಅದಕ್ಕಿಂತ ಒಳ್ಳೆ ಕಸರತ್ತು ಉಂಟಾ? ಹಾಗೆ ಬರಿ.”

ನಾನು ಬರೆದೆ. ಬರೆದದ್ದು ಮಾತ್ರವಲ್ಲ, ಚೆನ್ನಾಗಿ ಬರೆದೆ. ಮೋರಿ ಕಂಡೊಡನೆ ಎದೆ ತುಂಬ ಗಾಳಿ ತುಂಬಿಕೊಳ್ಳಿ, ತೇಗದ ಮರ ಮುಟ್ಟುವವರೆಗೆ ಬಿಡಬೇಡಿ, ಸೀಟಿನಿಂದೆದ್ದು ತುಳಿಯಿರಿ, ಕಣ್ಣು ಮುಂದಿನ ಚಕ್ರದ ಮೇಲಿರಲಿ, ಎಡಗಡೆ ನೋಡಬೇಡಿ. ‘ಎಡಗಡೆ ನೋಡಬೇಡಿ’ ಎಂಬ ಮಾತು ಮಾಷ್ ಹೇಳಿದ್ದಲ್ಲ, ನಾನೇ ಸೇರಿಸಿದ್ದು. ಅದಕ್ಕೆ ಎಲ್ಲರೂ ನಕ್ಕರು. ಮುಂದಿನ ವಾರದಿಂದ ಅದೊಂದು ಆಟವೇ ಆಯಿತು. ಹಲ್ಲಿನ ಡಾಕ್ಟರು ತಿರುವಿನಲ್ಲಿ ನಿಂತು ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತಿದ್ದರು. ಯಾರು ಬೇಗ ದಾಟಿದರು ಎಂದು ನಾನು ಪ್ರತಿ ವಾರ ಸುದ್ದಿಯಲ್ಲಿ ಹಾಕುತ್ತಿದ್ದೆ.

ದೀಪಾವಳಿ ಹೊತ್ತಿನ ತುಲಾಮಳೆ ಬಂದಾಗ ಆ ಮೂಟೆಗಳ ರಸ ರಸ್ತೆಗೆ ಅಡ್ಡಲಾಗಿ ಹರಿಯತೊಡಗಿತು. ನಮ್ಮ ಸೈಕಲ್‌ಗಳಿಗೆ ಮಡ್‌ಗಾರ್ಡ್ ಇರಲಿಲ್ಲ. ಭಾರ ಎಂದು ಮಾಷ್ ತೆಗೆಸಿದ್ದರು. ಹಿಂದಿನ ಚಕ್ರ ಅದನ್ನು ಎತ್ತಿ ನೇರ ಬೆನ್ನಿಗೆ ಎರಚುತ್ತಿತ್ತು. ಮನೆಗೆ ಬಂದು ಜರ್ಸಿ ಬಿಚ್ಚಿದರೆ ಸೊಂಟದಿಂದ ಕುತ್ತಿಗೆಯವರೆಗೆ ಕಂದು ಬಣ್ಣದ ಒಂದು ಗೀರು. ಸೋಪು ಹಾಕಿ ತಿಕ್ಕಿದರೂ ಒಗೆಯುವ ಕಲ್ಲಿಗೆ ಆ ವಾಸನೆ ಅಂಟಿಕೊಳ್ಳುತ್ತಿತ್ತು. ಒಂದು ಸಲ ಚೈನು ಒರೆಸುವಾಗ ಎಣ್ಣೆಯ ಜೊತೆ ಸಣ್ಣದೊಂದು ಪುಕ್ಕ ಬಂತು. ಆವತ್ತು ರಾಗಿಮುದ್ದೆ ಮುರಿಯಲು ನನ್ನ ಕೈಯೇ ನನಗೆ ಬೇಡವೆನಿಸಿತು. ಆದರೂ ಸಂಜೆ ಕೂತು ಸುದ್ದಿ ಬರೆದೆ, ಇಂತಿಷ್ಟು ಸೆಕೆಂಡಿನಲ್ಲಿ ಇಂಥವರು ಎಂದು.

ಒಂದು ಭಾನುವಾರ ನನ್ನ ಹಿಂದಿನ ಟೈರು ಸರಿಯಾಗಿ ಮೋರಿಯ ಹತ್ತಿರವೇ ಪಂಕ್ಚರ್ ಆಯಿತು. ಉಳಿದವರು ಉಸಿರು ಬಿಗಿಹಿಡಿದು ಆಗಲೇ ದಾಟಿಹೋಗಿದ್ದರು. ಕೂಗಿದರೂ ಕೇಳುವಷ್ಟು ಹತ್ತಿರ ಯಾರೂ ಇರಲಿಲ್ಲ. ನಮ್ಮ ಹಿಂದೆ ನೀರು, ಬಾಳೆಹಣ್ಣು, ಬಿಡಿ ಚಕ್ರ ಇಟ್ಟುಕೊಂಡು ಕೂಟದ ಪಿಕಪ್ ವಾಹನ ಬರುತ್ತಿತ್ತು. ಅದು ಮಾಷ್ ಅವರದೇ, ಭಾನುವಾರಕ್ಕೆಂದು ಬಿಟ್ಟುಕೊಟ್ಟದ್ದು. ಅದಕ್ಕಾಗಿ ಕಾಯುತ್ತ, ಕರವಸ್ತ್ರ ಮೂಗಿಗೆ ಕಟ್ಟಿಕೊಂಡು ನಿಂತೆ. ಆಗ ಇಳಿಜಾರಿನ ಕೆಳಗಿನಿಂದ ಒಬ್ಬ ಅಜ್ಜಿ ಹತ್ತಿ ಬಂದಳು. ಮೋರಿಯ ಕೆಳಗೆ ಕಾಡಿನವರ ಒಂದು ಸಣ್ಣ ಹಾಡಿ ಇದೆ ಎಂದು ನನಗೆ ಗೊತ್ತಿತ್ತು, ಆದರೆ ಯಾರನ್ನೂ ಮಾತಾಡಿಸಿರಲಿಲ್ಲ. ಅಜ್ಜಿ ಮೊದಲು ಮಲಯಾಳದಲ್ಲಿ ಏನೋ ಕೇಳಿದಳು. ನಾನು ಟೈರು ಒತ್ತುತ್ತ ನನ್ನಷ್ಟಕ್ಕೆ ಕನ್ನಡದಲ್ಲಿ ಬೈದುಕೊಂಡದ್ದು ಅವಳ ಕಿವಿಗೆ ಬಿತ್ತು.

“ಕನ್ನಡ ಬತ್ತದಾ ನಿಂಗೆ?”

“ಮರಕ್ಕಡವಿನವಳು ಅಜ್ಜಿ.”

“ಹಂಗಾರೆ ಒಂದು ಮಾತು ಕೇಳ್ತೀನಿ. ನೀವೆಲ್ಲ ಇಲ್ಲಿಗೆ ಬರಾಗಂಟ ನಗ್ತಾ ಬತ್ತೀರಿ. ಇಲ್ಲಿಗೆ ಬಂದೇಟ್ಗೆ ಮೂಗು ಮುಚ್ಕಂಡು ಓಟ ಕೀಳ್ತೀರಿ. ನಾವೆಲ್ಲಿಗೆ ಓಡಾನ?”

ಅಜ್ಜಿ ಬೈಯುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು.

“ಈ ತೋಡು ಕೆಳಕ್ಕೆ ನಮ್ಮನೆ ಮುಂದ್ಲಿಂದ್ಲೇ ಹೋಯ್ತದೆ,” ಎಂದು ಮೋರಿಯಡಿ ಹರಿಯುವ ನೀರನ್ನು ತೋರಿಸಿದಳು. “ಪೈಪಲ್ಲಿ ನೀರು ಬಂದ ದಿನ ಬತ್ತದೆ, ಇಲ್ದಿದ್ರೆ ಇದೇಯ. ಈಗ ಮೀಯಾಕೂ ಆಗಾಕಿಲ್ಲ. ಮಮ್ಮಗಳ ಮೈಯೆಲ್ಲ ಕಜ್ಜಿ ಎದ್ದದೆ. ಆಸ್ಪತ್ರೇಲಿ ಮುಲಾಮು ಕೊಟ್ರು, ಸುದ್ಧ ನೀರಲ್ಲಿ ತೊಳೀರಿ ಅಂದ್ರು.”

“ಯಾರು ತಂದು ಹಾಕ್ತಾರೆ ಅಜ್ಜಿ? ನೋಡಿದ್ದೀಯಾ?”

“ನೋಡ್ದೆ ಏನು? ಬೆಳಕು ಹರಿಯೋ ಹೊತ್ಗೆ ಬತ್ತದೆ, ಬಿಳೀ ವಂಡಿ. ಕೇಳಾಕೆ ಹೋದ್ರೆ ನಮ್ ಹೈಕಳ್ಗೆ ಹೊಡ್ಯಾಕೆ ಬಂದ್ರು.”

ಅಷ್ಟರಲ್ಲಿ ನಮ್ಮ ಪಿಕಪ್ ಕೆಳಗಿನ ತಿರುವು ದಾಟಿ ಬಂತು. ಪಕ್ಕಕ್ಕೆ ಕೂಟದ ಬ್ಯಾನರ್ ಕಟ್ಟಿತ್ತು. ಅಜ್ಜಿ ಕೈ ಎತ್ತಲಿಲ್ಲ, ಗಲ್ಲವನ್ನಷ್ಟೇ ಆ ಕಡೆಗೆ ಚಾಚಿದಳು.

“ಅದೇಯ. ಬಾನುವಾರ ಬಾಳೆಹಣ್ಣು, ಮಿಕ್ಕ ದಿನ ಇದು.”

ಹೇಳಿದವಳೇ ಇಳಿಜಾರಿಗೆ ಇಳಿದು ಹೊರಟುಹೋದಳು. ಡ್ರೈವರ್ ಇಳಿದು, ನನ್ನ ಸೈಕಲ್ ಎತ್ತಿ ಹಿಂದಕ್ಕೆ ಹಾಕಿ, ವಾಡಿಕೆಯಂತೆ ನನ್ನ ಕೈಗೊಂದು ಬಾಳೆಹಣ್ಣು ಕೊಟ್ಟ. ಸೈಕಲ್ ಮಲಗಿಸಿದ ಜಾಗದಲ್ಲಿ ರಬ್ಬರ್ ಹಾಸು ಸ್ವಲ್ಪ ಮಡಚಿಕೊಂಡಿತ್ತು. ಅದರಡಿ ಫಿನಾಯಿಲಿನಲ್ಲಿ ನೆನೆದ ಪುಕ್ಕಗಳು ಅಂಟಿದ್ದವು. ಎಷ್ಟು ಭಾನುವಾರ ಆ ಹಾಸಿನ ಮೇಲಿನ ಗೊನೆಯಿಂದ ಹಣ್ಣು ಕಿತ್ತು ತಿಂದಿದ್ದೆ ನಾನು! ಹಣ್ಣನ್ನು ಕೈಯಲ್ಲೇ ಹಿಡಿದು ಬತ್ತೇರಿಯವರೆಗೂ ಕೂತೆ. ಬಿಸಾಡಲೂ ಮನಸ್ಸು ಬರಲಿಲ್ಲ, ಬಿಸಾಡಿದರೆ ಅದೂ ಕಾಡಿಗೇ ತಾನೆ ಬೀಳುವುದು.

ಅಜ್ಜಿಯ ಮಾತನ್ನು ನಂಬದೆ ಇರಲು ಎರಡು ದಿನ ಪ್ರಯತ್ನಪಟ್ಟೆ. ಡ್ರೈವರ್ ಮಾಷ್‌ಗೆ ಹೇಳದೆ ಮಾಡುತ್ತಿರಬಹುದು ಎಂದುಕೊಂಡೆ. ಆ ವಾರ ನಾಲ್ಕು ದಿನ ಬೆಳಿಗ್ಗೆ ಒಬ್ಬಳೇ ಹೊರಟೆ. ಆ ದಾರಿಯಲ್ಲಿ ಹಾಲಿನ ವ್ಯಾನು ನಿಂತು ನಿಂತು ಹೋಗುತ್ತದೆ, ಆನೆಯ ಭಯಕ್ಕೆ ಅದರ ಹಿಂದೆಯೇ ತುಳಿಯುತ್ತಿದ್ದೆ. ಮೂರು ದಿನ ನಾನು ತಲುಪುವಷ್ಟರಲ್ಲಿ ಗಾಡಿ ಬಂದು ಹೋಗಿಯಾಗಿತ್ತೋ ಏನೋ, ಏನೂ ಕಾಣಲಿಲ್ಲ. ನಾಲ್ಕನೆಯ ದಿನ ಮೋರಿಯ ಬಳಿ ಪಿಕಪ್ ನಿಂತಿತ್ತು. ಬ್ಯಾನರ್ ಇರಲಿಲ್ಲ. ಡ್ರೈವರ್ ಮೇಲಿನಿಂದ ಮೂಟೆಗಳನ್ನು ಉರುಳಿಸುತ್ತಿದ್ದ. ಕೆಳಗೆ ಮಾಷ್, ಕೂಟದ ಜರ್ಸಿಯಲ್ಲಿ, ಹೆಲ್ಮೆಟ್ ಕೂಡ ಹಾಕಿಕೊಂಡು, ಮೂಟೆಗಳನ್ನು ಕಾಲಿನಿಂದ ಇಳಿಜಾರಿಗೆ ನೂಕುತ್ತಿದ್ದರು. ಗಾಡಿಯ ಹಿಂಭಾಗದಲ್ಲಿ, ಉಳಿದ ಮೂಟೆಗಳ ನಡುವೆ, ಅವರ ಸೈಕಲ್ ನಿಂತಿತ್ತು. ಎಲ್ಲರೂ ಹೊಗಳುತ್ತಿದ್ದ ಅವರ ದಿನನಿತ್ಯದ ಅಭ್ಯಾಸ ಶುರುವಾಗುತ್ತಿದ್ದದ್ದು ಅಲ್ಲಿಂದ. ಮೂಟೆಯ ಜೊತೆ ಬರುವುದು, ಎಸೆಯುವುದು, ಅಲ್ಲಿಂದ ತುಳಿದು ಮನೆಗೆ ಹೋಗುವುದು.

ನನ್ನನ್ನು ಕಂಡು ಅವರು ಗಾಬರಿಯಾಗಲಿಲ್ಲ. ಕೈಗಳನ್ನು ಹುಲ್ಲಿಗೆ ಒರೆಸಿಕೊಂಡರು.

“ಆಹಾ, ಮೋಳೇ! ಇಷ್ಟು ಬೇಗ? ಒಳ್ಳೇದು, ಒಳ್ಳೇದು. ತಂಪು ಹೊತ್ತಲ್ಲಿ ತುಳಿದರೆ ಎದೆಬಡಿತ ಹಿಡಿತದಲ್ಲಿ ಇರುತ್ತೆ. ಈಗ ಎಷ್ಟಿದೆ ನಿಂದು?”

“ಮಾಷ್, ಇದು ನೀವಾ?”

“ಏನು ಮಾಡಲಿ ಹೇಳು. ಕಸ ತೆಗೆದುಕೊಂಡು ಹೋಗುವವನು ದಿನಾ ಬರೋದಿಲ್ಲ. ಒಂದು ದಿನ ಇಟ್ಟರೆ ಪೇಟೆಯಲ್ಲಿ ನಿಲ್ಲೋಕಾಗುತ್ತಾ? ಅಲ್ಲಿ ಜನ ಓಡಾಡ್ತಾರೆ. ಇಲ್ಲಿ ಯಾರಿದ್ದಾರೆ? ಹಂದಿ ತಿನ್ನುತ್ತೆ, ನರಿ ತಿನ್ನುತ್ತೆ. ಒಂದು ಲೆಕ್ಕಕ್ಕೆ ಪುಣ್ಯದ ಕೆಲಸ.”

“ಕೆಳಗೆ ಹಾಡಿ ಇದೆ ಮಾಷ್.”

ಅವರು ಇಳಿಜಾರಿನ ಕಡೆ ತಿರುಗಿ ನೋಡಿದರು, ಯಾರೋ ಹೊಸದಾಗಿ ಮನೆ ಕಟ್ಟಿಕೊಂಡು ಬಂದಿದ್ದಾರೇನೋ ಎಂಬಂತೆ.

“ಅವರಿಗೆ ಪೈಪ್ ಹಾಕಿಕೊಟ್ಟಿದ್ದಾರಲ್ಲ,” ಎಂದರು. ಆಮೇಲೆ ತಮ್ಮ ಸೈಕಲ್ ಇಳಿಸಿ, ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ಬಾ, ಒಟ್ಟಿಗೆ ಹೋಗೋಣ. ನನ್ನ ಚಕ್ರದ ಹಿಂದೆಯೇ ಅಂಟಿಕೊಂಡು ಬಾ, ಗಾಳಿ ತಡೆಯುತ್ತೆ, ಅರ್ಧ ಶಕ್ತಿ ಸಾಕು,” ಎಂದರು.

ನಾನು ಹೋದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಅಲ್ಲೇ ನಿಂತು ಕೂಗಬಹುದಿತ್ತು, ಫೋಟೋ ತೆಗೆಯಬಹುದಿತ್ತು, ಏನಿಲ್ಲದಿದ್ದರೆ ಹಾಲಿನ ವ್ಯಾನಿನ ಹಿಂದೆ ಮುಂದಕ್ಕೆ ಹೋಗಿಬಿಡಬಹುದಿತ್ತು. ಹೇಳಿದ ಮಾತು ಕೇಳಿ ಕೇಳಿ ಕಾಲು ಪಳಗಿಹೋಗಿತ್ತೋ ಏನೋ, ಪುಲ್ಪಳ್ಳಿಯವರೆಗೂ ಅವರ ಚಕ್ರದ ಹಿಂದೆ ಒಂದು ಮೊಳ ಬಿಟ್ಟು ತುಳಿದೆ. ನಿಜವಾಗಿಯೂ ಗಾಳಿ ತಡೆಯಿತು. ಅವರ ಬೆನ್ನಿನಿಂದ ಬರುತ್ತಿದ್ದ ವಾಸನೆಯಲ್ಲಿ ಅಷ್ಟು ದೂರ ಉಸಿರಾಡಿದೆ. ಪೇಟೆಯಲ್ಲಿ ಅವರು ಕೈ ಬೀಸಿ, “ಕಾಲು ಚೆನ್ನಾಗಿ ಆಡ್ತಿದೆ ಈಗ,” ಎಂದು ಹೊಗಳಿ ಹೋದರು. ನಾನು ಅಂಗಡಿಯ ಹಿಂದಿನ ನಲ್ಲಿಯಲ್ಲಿ ಮುಖ ತೊಳೆದೆ, ಮೂರು ಸಲ.

ಆ ಶನಿವಾರ ನನ್ನ ಗಂಡ ಮಧ್ಯಾಹ್ನದ ಅಡಿಗೆಗೆ ಕೋಳಿ ತಂದಿದ್ದರು.

“ಯಾವ ಅಂಗಡೀದು?” ಎಂದೆ.

“ಇನ್ಯಾವ್ದು? ನಿಮ್ ಮಾಷ್‌ದು. ನಿನ್ ಹೆಸ್ರು ಹೇಳಿದ್ರೆ ಒಳ್ಳೇದು ನೋಡಿ ಕೊಡ್ತಾರೆ.”

ನಾನು ಕಂಡದ್ದನ್ನೆಲ್ಲ ಹೇಳಿದೆ. ಅವರು ಬಿಚ್ಚಿದ ಪೊಟ್ಟಣವನ್ನು ಮತ್ತೆ ಕಟ್ಟಿಟ್ಟರು.

“ಹಂಗಾದ್ರೆ ನಾವು ಇಷ್ಟು ದಿನ ತಿಂದದ್ರ ಕರುಳೂ ಅಲ್ಲೇ ಬಿದ್ದದೆ ಅನ್ನು,” ಎಂದರು.

ಆ ಮಾತು ನನಗೆ ಹೊಳೆದೇ ಇರಲಿಲ್ಲ. ಕೋಳಿಯನ್ನು ಪಕ್ಕದ ಮನೆಗೆ ಕೊಟ್ಟೆವು. ಕೊಟ್ಟಮೇಲೆ ಅದೂ ಸರಿಯಲ್ಲ ಎನಿಸಿತು.

ಭಾನುವಾರ ಸವಾರಿಗೆ ಹೋಗಲಿಲ್ಲ. ಸಂಜೆ ಎಂದಿನಂತೆ ಸುದ್ದಿ ಬರೆದೆ. ಬಂದವರು ಎಷ್ಟು, ಹೋದದ್ದು ಎಲ್ಲಿಗೆ ಎಂದು ಬೇರೆಯವರನ್ನು ಕೇಳಿ ಹಾಕಿದೆ. ಆಮೇಲೆ ಆ ನಾಲ್ಕನೆಯ ದಿನದ ಬೆಳಿಗ್ಗೆ ಮೋರಿಯ ಹತ್ತಿರ ನಾನು ಕಂಡದ್ದನ್ನು, ಯಾರನ್ನು ಕಂಡೆ ಎಂಬುದನ್ನು, ಹಾಡಿಯ ಅಜ್ಜಿ ಹೇಳಿದ್ದನ್ನು ಒಂದೊಂದೇ ವಾಕ್ಯದಲ್ಲಿ ಬರೆದೆ. ತರಬೇತಿಯ ಮಾತಿನ ಜಾಗದಲ್ಲಿ, ಎಡಗಡೆ ನೋಡಿ ಎಂದು ಹಾಕಿದೆ.

ಎಲ್ಲರೂ ಓದಿದ್ದಾರೆ ಎಂದು ನೀಲಿ ಗೆರೆಗಳು ತೋರಿಸುತ್ತಿದ್ದವು. ಮೊದಲು ಬಂದ ಉತ್ತರ ಒಬ್ಬ ತೋಟದವರದು: ಮುಂದಿನ ವಾರ ಹೊರಡುವುದು ಆರಕ್ಕೋ ಆರೂವರೆಗೋ? ಇನ್ನೊಬ್ಬರು ಕೈಮುಗಿಯುವ ಚಿತ್ರ ಹಾಕಿದರು, ಯಾರಿಗೆ ಮುಗಿದದ್ದೋ ತಿಳಿಯಲಿಲ್ಲ. ಮತ್ತೊಬ್ಬರು, ನಿಮ್ಮ ಕರ್ನಾಟಕದ ಕಡೆಯಿಂದ ಗಡಿ ದಾಟಿ ಬರುವ ಕಸದ ಬಗ್ಗೆಯೂ ಚೇಚಿ, ಅಂದರೆ ಅಕ್ಕ, ಬರೆಯಲಿ ಎಂದರು. ನನ್ನ ಮಾವ, ಅವರ ಅಪ್ಪ, ಎಲ್ಲ ಹುಟ್ಟಿದ್ದು ಈ ದಡದಲ್ಲಿ. ಆದರೂ ಒಂದು ಕೋಳಿಯ ಮೂಟೆಯ ಮಾತು ಎತ್ತಿದ್ದೇ ತಡ, ನಾನು ಆಚೆಯವಳಾದೆ. ಆಮೇಲೆ ನನ್ನ ಬರಹವೇ ಮಾಯವಾಯಿತು. ಹಲ್ಲಿನ ಡಾಕ್ಟರು ಫೋನು ಮಾಡಿದರು. ಗುಂಪನ್ನು ನೋಡಿಕೊಳ್ಳುವವರಲ್ಲಿ ಅವರೂ ಒಬ್ಬರು.

“ಚೇಚಿ, ನೀವು ಬರೆದದ್ದು ಸುಳ್ಳು ಅಂತ ನಾನು ಹೇಳಲ್ಲ.”

“ಮತ್ತೆ ಯಾಕೆ ಅಳಿಸಿದ್ರಿ?”

“ಜರ್ಸಿ ಅವರದು, ಗಾಡಿ ಅವರದು. ಅವರಿಲ್ಲದೆ ಕೂಟ ಎಲ್ಲಿದೆ? ನಾವೇ ಒಳಗೊಳಗೆ ಸರಿಮಾಡಿಕೊಳ್ಳೋಣ.”

ಅವರು ಸರಿಮಾಡಿಕೊಂಡದ್ದು ಹೀಗೆ. ಮುಂದಿನ ಭಾನುವಾರ ‘ಕಾಡು ಶುಚಿ ಸವಾರಿ’ ಎಂದು ಮಾಡಿದರು. ಬೇಡವೆಂದರೂ ಮನಸ್ಸು ತಡೆಯದೆ ನಾನೂ ಹೋದೆ. ಮೋರಿಯ ಬಳಿ ಎರಡು ತೇಗದ ಮರಗಳ ನಡುವೆ ಬ್ಯಾನರ್ ಕಟ್ಟಿದ್ದರು. ಎಲ್ಲರಿಗೂ ಕೈಗವಸು, ಮುಖಕ್ಕೆ ಮಾಸ್ಕು. ಮಾಷ್ ನಡುವೆ ನಿಂತು, ಕಾಡು ನಮ್ಮ ತಾಯಿ, ಸೈಕಲ್ಲಿನವರು ಅದರ ಕಾವಲುಗಾರರು ಎಂದು ಭಾಷಣ ಮಾಡಿದರು. ಅವರಿಗೆ ಚಪ್ಪಾಳೆ ತಟ್ಟಿದವರಲ್ಲಿ ನನ್ನ ಬರಹ ಓದಿದವರೆಲ್ಲ ಇದ್ದರು. ಆಮೇಲೆ ಮೂಟೆಗಳನ್ನು ಮೇಲಕ್ಕೆ ಎಳೆದರು. ಕೊಳೆತವು ಹರಿದು ಬೂಟಿನ ಮೇಲೆ ಸುರಿದವು, ಇಬ್ಬರು ಕಾರಿಕೊಂಡರು, ಅವರಿಬ್ಬರ ಫೋಟೋವನ್ನು ಮೂರನೆಯವರು ನಗುತ್ತ ತೆಗೆದರು. ಎಲ್ಲವನ್ನೂ ತುಂಬಿಸಿದ್ದು ಅದೇ ಬಿಳಿ ಪಿಕಪ್ಪಿಗೆ.

“ಇದು ಎಲ್ಲಿಗೆ ಹೋಗುತ್ತೆ?” ಎಂದು ನಾನು ಕೇಳಿದೆ. ಗಟ್ಟಿಯಾಗಿಯೇ ಕೇಳಿದೆ. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಡ್ರೈವರ್ ಮಾಷ್ ಮುಖ ನೋಡಿದ. ಮಾಷ್ ಬ್ಯಾನರಿನ ಗಂಟು ಬಿಚ್ಚುತ್ತಿದ್ದರು.

ಅಜ್ಜಿ ಇಳಿಜಾರಿನ ತುದಿಯಲ್ಲಿ ನಿಂತು ನೋಡುತ್ತಿದ್ದಳು. ಯಾರೋ ಅವಳ ಕೈಗೆ ಬಾಳೆಹಣ್ಣು ಕೊಟ್ಟು, ಫೋಟೋಗೆ ನಿಲ್ಲಿಸಿಕೊಂಡರು. ಅವರು ಅತ್ತ ಹೋದಮೇಲೆ ನಾನು ಹತ್ತಿರ ಹೋದೆ.

“ಹಾಕ್ದೋರೇ ಎತ್ತವ್ರೆ, ಒಳ್ಳೇದೇ ಕಣವ್ವ,” ಎಂದಳು. “ಪೋಟ ಯಾಕೆ ಅಂತ ತಿಳೀನಿಲ್ಲ. ಈಗ ಇನ್ಯಾರ ಮನೆ ಮುಂದೆ ಹಾಕ್ತಾರೆ, ಕೇಳ್ದಾ?”

“ಕೇಳಿದೆ. ಹೇಳ್ಲಿಲ್ಲ ಅಜ್ಜಿ.”

“ಹೇಳಾಕಿಲ್ಲ.”

ಆ ಸಂಜೆ ಸುದ್ದಿ ಬರೆದುಕೊಡಿ ಎಂದು ಹಲ್ಲಿನ ಡಾಕ್ಟರು ಮತ್ತೆ ಫೋನು ಮಾಡಿದರು. ಆಗಲ್ಲ ಎಂದೆ. ಬೇರೆ ಯಾರೋ ಬರೆದರು. ಬಾಗಿ ಎತ್ತುವಾಗ ಮಂಡಿ ಮಡಚಿ, ಬೆನ್ನು ಬಾಗಿಸಬೇಡಿ ಎಂಬುದು ಆ ವಾರದ ತರಬೇತಿಯ ಮಾತು. ಓದಿ ಗುಂಪಿನಿಂದ ಹೊರಬಂದೆ.

ಎರಡು ವಾರ ಜಾಗ ಶುಚಿಯಾಗಿತ್ತು. ಮೂರನೆಯ ವಾರ ಅಜ್ಜಿ ತನ್ನ ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ನನ್ನ ಅಂಗಡಿಗೆ ಬಂದಳು. ಮೂಟೆ ಮತ್ತೆ ಬಿದ್ದಿದ್ದವು, ಈ ಸಲ ಮೋರಿಯ ಬಲಗಡೆಗೆ. ಪಂಚಾಯ್ತಿಗೆ ದೂರು ಬರೆದುಕೊಡು ಎಂದಳು. ಅವಳು ಕನ್ನಡದಲ್ಲಿ ಹೇಳಿದ್ದನ್ನು ನಾನು ಮಲಯಾಳದಲ್ಲಿ ಬರೆದೆ. ಹೇಳಿದ್ದಕ್ಕಿಂತ ಒಂದು ಪದವನ್ನೂ ಹೆಚ್ಚು ಹಾಕಲಿಲ್ಲ. ಚೆನ್ನಾಗಿ ಬರೆಯುವುದರ ಮೇಲೆಯೇ ನನಗೆ ಹೇಸಿಗೆ ಬಂದಿತ್ತು. ಕಣ್ಣಾರೆ ಕಂಡವರು ಎಂಬಲ್ಲಿ ನನ್ನ ಹೆಸರು, ವಿಳಾಸ ಹಾಕಿದೆ. ಅಜ್ಜಿ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡಳು.

ಆರೋಗ್ಯ ವಿಭಾಗದವರು ಬಂದರು. ಅವರಲ್ಲಿ ಒಬ್ಬ ಹುಡುಗಿ, ಕೆಲಸಕ್ಕೆ ಹೊಸಬಳಿರಬೇಕು, ಮೂಗಿಗೆ ಬಟ್ಟೆಯನ್ನೂ ಕಟ್ಟದೆ ಮೂಟೆಗಳನ್ನು ಕತ್ತರಿಸಿ ಒಳಗೆ ಕೈ ಹಾಕಿ ಹುಡುಕಿದಳು. ಅಂಗಡಿಯ ಹೆಸರು ಅಚ್ಚಾದ ಕವರುಗಳು ಸಿಕ್ಕವು. ನೋಟಿಸು ಹೋಯಿತು, ದಂಡ ಬಿತ್ತು, ಮೋರಿಯ ಎದುರಿಗೆ ಒಂದು ಕ್ಯಾಮೆರಾ ಬಂತು. ಅಲ್ಲಿ ಮೂಟೆ ಬೀಳುವುದು ನಿಂತಿತು. ತೋಡಿನ ನೀರು ಮೊದಲಿನಂತಾಗಲು ಮುಂದಿನ ಮಳೆಗಾಲ ಕಳೆಯಬೇಕಾಯಿತು ಎಂದು ಅಜ್ಜಿ ಆಮೇಲೆ ಹೇಳಿದಳು. ಬೇರೊಂದು ರಸ್ತೆಯಲ್ಲಿ, ಇನ್ನೊಂದು ಇಳಿಜಾರಿನಲ್ಲಿ ಮೂಟೆಗಳಿವೆ ಎಂದು ಹಾಲಿನ ವ್ಯಾನಿನವನು ಹೇಳಿದ. ಯಾರವು ಎಂದು ನನಗೆ ಗೊತ್ತಿಲ್ಲ. ಕೋಳಿ ಅಂಗಡಿ ಇರುವುದು ಒಬ್ಬರದೇ ಅಲ್ಲ.

ಕೂಟದವರು ನನ್ನ ಅಂಗಡಿಗೆ ಬರುವುದನ್ನು ಬಿಟ್ಟರು. ಒಬ್ಬ ನರ್ಸ್ ಮಾತ್ರ ಬಂದು, ಅರ್ಜಿ ತುಂಬಿಸಿಕೊಂಡು, ಹೊರಡುವಾಗ ಬಾಗಿಲಲ್ಲಿ ನಿಂತು, “ಒಟ್ಟಿಗೆ ತುಳಿದವರ ಮೇಲೆ ದೂರು ಕೊಡಬಾರದಿತ್ತು ಚೇಚಿ,” ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಅದೇ ನನಗೆ ಇನ್ನಷ್ಟು ಓಕರಿಕೆ ತಂದಿತು.

ಈಗ ಒಬ್ಬಳೇ ತುಳಿಯುತ್ತೇನೆ. ಹೋದ ತಿಂಗಳು ಕಚೇರಿ ಕೆಲಸವೊಂದಕ್ಕೆ ಕಲ್ಪೆಟ್ಟಕ್ಕೆ ಸೈಕಲ್ಲಿನಲ್ಲೇ ಹೋಗಿದ್ದೆ. ಕೆಲಸ ಮುಗಿಸಿ ಹೆದ್ದಾರಿಯ ಪಕ್ಕದ ಚಹಾದಂಗಡಿಯಲ್ಲಿ ಕೂತಿದ್ದಾಗ ಮಾಷ್ ಎದುರಿನಿಂದ ರಸ್ತೆ ದಾಟಿ ಬಂದರು. ಎದ್ದು ಹೋಗೋಣವೆಂದರೆ ಲೋಟದ ತುಂಬ ಚಹಾ. ಅವರು ನನ್ನ ಮುಖ ನೋಡಲಿಲ್ಲ. ಗೋಡೆಗೆ ಒರಗಿಸಿದ್ದ ನನ್ನ ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಪೆಡಲನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿದರು.

“ಸೀಟು ಒಂದು ಬೆರಳಷ್ಟು ಜಾರಿದೆ. ಬಲ ಮಂಡಿ ನೋಯ್ತಿರಬೇಕಲ್ಲ?”

ಎರಡು ತಿಂಗಳಿಂದ ನೋಯುತ್ತಿತ್ತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಗುತ್ತಿತ್ತು.

“ಇಲ್ಲ,” ಎಂದೆ.

“ಎತ್ತರಿಸಿಕೋ,” ಎಂದು ಹೇಳಿ, ಕೈ ಕೊಡವಿಕೊಂಡು ಹೋದರು.

ಒಂದು ವಾರ ಹಟದಿಂದ ಹಾಗೆಯೇ ತುಳಿದೆ. ಆಮೇಲೆ ಒಂದು ಬೆಳಿಗ್ಗೆ ಸ್ಪ್ಯಾನರ್ ತಂದು ಸೀಟನ್ನು ಒಂದು ಬೆರ‍ಳಷ್ಟು ಏರಿಸಿದೆ. ನಾಲ್ಕೇ ದಿನಕ್ಕೆ ನೋವು ಹೋಯಿತು. ಎಂಥ ಹೇಸಿಗೆಯಾಯಿತೆಂದರೆ, ಇಳಿಸಿಬಿಡೋಣವೆಂದು ಮತ್ತೆ ಸ್ಪ್ಯಾನರ್ ಕೈಗೆತ್ತಿಕೊಂಡೆ. ಇಳಿಸಲಿಲ್ಲ. ಮಂಡಿ ನನ್ನದಲ್ಲವೇ, ಅಂಗಡಿಗೆ ಹೋಗಬೇಕಿತ್ತು.